ಕಾಕಾ ನೋಡುತ್ತಿದ್ದ ಬೆಳ್ಳಿಯ ಮುಖ

ನಮ್ಮ ನಾರಾಯಣ ಕಾಕಾ ನಾಣ್ಯವನ್ನು ಮುಟ್ಟುತ್ತಿರಲಿಲ್ಲ. ಅದರ ಅಂಚನ್ನಷ್ಟೇ ಮುಟ್ಟುತ್ತಿದ್ದರು. ಬೆಳಗ್ಗೆ ಸ್ನಾನ ಮುಗಿಸಿ, ಹಣೆಗೆ ಮೈಲಾರನ ಅರಿಸಿನದ ಭಂಡಾರ ಹಚ್ಚಿಕೊಂಡು, ಮಾಳಿಗೆ ಕೋಣೆಯ ಮೂಡಣ ಕಿಟಕಿಯಲ್ಲಿ ನಿಲ್ಲುವರು. ಎರಡು ಬೆರಳ ನಡುವೆ ಒಂದು ಬೆಳ್ಳಿಯ ಬಿಲ್ಲೆ. ಅದನ್ನು ಎಳೆಬಿಸಿಲಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸುವರು. ಮದುವೆಯಾಗಿ ಬಂದ ಹೊಸತರಲ್ಲಿ ಕೆಳಗೆ ಬಾವಿಯ ನೀರು ಸೇದುತ್ತಿದ್ದ ನನಗೆ, ಇವರು ಸೂರ್ಯನಿಗೇ ಏನೋ ತೋರಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಕಾಕಾ ನನ್ನ ಮಾವನವರ ತಮ್ಮ. ಸೋಲಾಪುರ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ ಅದು. ಮನೆಯದು ಚಾದರದ ವ್ಯಾಪಾರ. ಮಾವನವರು ತೀರಿಕೊಂಡಿದ್ದರು. ನನ್ನ ಗಂಡ ಮಾಲು ತೆಗೆದುಕೊಂಡು ತಿಂಗಳಲ್ಲಿ ಹೆಚ್ಚು ದಿನ ಹೊರಗೇ. ಉಳಿದವರು ಅತ್ತೆ, ಕಾಕಾ ಮತ್ತು ನಾನು. ಅಕ್ಕಲಕೋಟೆಯ ತುಂಬಿದ ಮನೆಯಿಂದ ಬಂದವಳಿಗೆ ಇಲ್ಲಿಯ ಮಧ್ಯಾಹ್ನಗಳು ಬಹಳ ಉದ್ದ. ಮಿಲ್ಲಿನ ಭೋಂಗಾ ಕೂಗಿದರೆ ಯಾರೋ ಮಾತಾಡಿಸಿದಂತಾಗುತ್ತಿತ್ತು. ಬಾವಿ ಬತ್ತಿಲ್ಲ, ಅತ್ತೆಯ ಕೈ ಕೆಟ್ಟದ್ದಲ್ಲ, ತುಳಸಿ ಚಿಗುರಿದೆ ಎಂದು ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ಎಣಿಸಿಕೊಂಡು ದಿನ ನೂಕುತ್ತಿದ್ದೆ. ಆ ಎಣಿಕೆಯಲ್ಲಿ ಕಾಕಾರ ನಾಣ್ಯಗಳೂ ಸೇರಿಕೊಂಡವು.

ಹಿರಿಯರ ಕೋಣೆಯೊಳಗೆ ಸೊಸೆ ಕಾಲಿಡುವ ಪದ್ಧತಿ ಇರಲಿಲ್ಲ. ಚಹಾ ಹೊಸ್ತಿಲ ಹತ್ತಿರ ಇಟ್ಟು, ಸೆರಗು ಹೊದ್ದು ಆಚೆ ನಿಲ್ಲುವೆ. ಕಾಕಾ ಹೊಸ್ತಿಲ ಮೇಲೆ ಒಂದು ಮಖಮಲ್ಲಿನ ತುಂಡು ಹಾಸಿ, ನಾಣ್ಯವಿಟ್ಟು ಹಿಂದೆ ಸರಿಯುವರು. ಆಮೇಲೆ ನಾನು ಎತ್ತಿಕೊಳ್ಳಬೇಕು.

“ಅಂಚು ಹಿಡಿ, ಸೂನಬಾಯಿ. ಮಾರಿ ಮುಟ್ಟಬ್ಯಾಡ. ಎರಡು ಸಾವಿರ ವರ್ಷ ಸವದು ಇಷ್ಟು ಉಳದದ. ಉಳದದ್ದು ನಮ್ಮ ಕೈಲೆ ಹೋಗಬಾರದು.”

ಸೊಸೆಯನ್ನು ಮರಾಠಿಯವರು ಕರೆಯುವಂತೆ ಅವರು ನನ್ನನ್ನು ಸೂನಬಾಯಿ ಎಂದೇ ಕರೆದರು, ಕಡೆಯವರೆಗೂ.

ಅವೆಲ್ಲ ಗ್ರೀಕರ ನಾಣ್ಯಗಳು. ಕಾಕಾ ತಾವೇ ಮುಂಬೈಗೆ ಮಾಲು ಒಯ್ದಾಗ ಒಬ್ಬ ಮುದುಕ ಪಾರ್ಸಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಆರಿಸಿ ತರುವರು. ಒಂದರಲ್ಲಿ ಸಿಂಹದ ತೊಗಲನ್ನು ಮುಂಡಾಸಿನಂತೆ ಹೊದ್ದ ವೀರ. ಇನ್ನೊಂದು ಚೌಕನೆಯದು: ಒಂದು ಬದಿ ಆನೆ, ಇನ್ನೊಂದು ಬದಿ ಹಿಣಿಲೆತ್ತಿದ ಹೋರಿ. “ಇದು ನಮ್ಮ ಕಡೀ ಹೋರಿನ. ಗ್ರೀಕರು ಈ ದೇಶಕ್ಕ ಬಂದಮ್ಯಾಲ ಹೊಡದದ್ದು. ಕಂಡು ಮೆಚ್ಚ್ಯಾರ, ಅದಕ್ಕ ಹೊಡದಾರ” ಎಂದು ತಮ್ಮ ಎತ್ತನ್ನೇ ಯಾರೋ ಹೊಗಳಿದಷ್ಟು ಖುಷಿಯಿಂದ ಹೇಳುವರು. ಅಕ್ಷರ ಓದಲು ಬರುತ್ತಿರಲಿಲ್ಲ. “ಓದೂದು ಪಂಡಿತರಿಗಿರಲಿ. ನಾವು ಅರಿವಿ ವ್ಯಾಪಾರದ ಮಂದಿ, ನಕ್ಷಿ ನೋಡಾವ್ರು.”

ಒಮ್ಮೆ ಗೂಗೆಯ ನಾಣ್ಯ ಬಂತು. ದುಂಡು ಕಣ್ಣು ಬಿಟ್ಟು ನೆಟ್ಟಗೆ ನಮ್ಮನ್ನೇ ನೋಡುವ ಗೂಗೆ. ಅತ್ತೆ ಕಂಡವರೇ ಬಾಯಿಗೆ ಸೆರಗು ಹಿಡಿದರು. ಮೈದುನನನ್ನು ಅವರು ಭಾವಜಿ ಎನ್ನುವರು, ಅತ್ತಿಗೆಯನ್ನು ಕಾಕಾ ವೈನಿ ಎನ್ನುವರು.

“ಅಯ್ಯ ದೇವರ! ಗೂಗಿ ಮನ್ಯಾಗ ತಂದೀರೇನ್ರಿ, ಭಾವಜಿ?”

“ವೈನಿ, ಲಕ್ಷ್ಮಿ ಏರಿ ಬರೂದ ಗೂಗಿ ಮ್ಯಾಲ. ಗಾಡಿ ಬಂದದ. ಮಾಲಕಿ ಬರ್ತಾಳ, ತಡೀರಿ.”

“ನಿಮ್ಮ ಕಡೆ ಬರೇ ಗಾಡಿನ ಬರ್ತಾವ. ಲಕ್ಷ್ಮಿ ಎಲ್ಲಿ ಇಳದ ಹೋದ್ಲೋ!”

ಕಾಕಾ ನಕ್ಕರು. ಅತ್ತೆಯೂ ನಕ್ಕರು. ಆ ಮನೆಯಲ್ಲಿ ಇಬ್ಬರೂ ಕೂಡಿ ನಕ್ಕದ್ದು ಅಪರೂಪ, ಅದಕ್ಕೇ ನೆನಪಿದೆ.

ಎಲ್ಲಕ್ಕೂ ಕಡೆಗೆ ಮಖಮಲ್ಲಿನ ಮೇಲೆ ಬರುತ್ತಿದ್ದ ನಾಣ್ಯ ಒಂದಿತ್ತು. ರೂಪಾಯಿಗಿಂತ ತುಸು ಚಿಕ್ಕದು, ಆದರೆ ದಪ್ಪ, ಕೈಗೆ ಭಾರ. ಒಂದು ಬದಿ ನಾಲ್ಕು ಕುದುರೆಯ ರಥ. “ಇಷ್ಟು ಜಾಗಾದಾಗ ನಾಕು ಕುದ್ರಿ ಓಡಿಸ್ಯಾನ. ನಮ್ಮ ನೇಕಾರಗ ಇಡೀ ಚಾದರ ಕೊಟ್ರೂ ನವಿಲಿನ ಬಾಲಕ್ಕ ಜಾಗಾ ಸಾಲೂದಿಲ್ಲ” ಎನ್ನುವರು. ಇನ್ನೊಂದು ಬದಿ, ಪಕ್ಕಕ್ಕೆ ತಿರುಗಿದ ಒಬ್ಬ ಹೆಣ್ಣುಮಗಳ ಮುಖ. ಎತ್ತಿ ಕಟ್ಟಿದ ತುರುಬು, ಕಿವಿಯಲ್ಲಿ ಓಲೆ, ಸುತ್ತಲೂ ಈಜುವ ಮೀನು. ತುರುಬಿನಿಂದ ತಪ್ಪಿಸಿಕೊಂಡ ಒಂದು ಕೂದಲೆಳೆ ಕತ್ತಿನ ಮೇಲೆ ಬಿದ್ದಿತ್ತು.

“ಇದು ಯಾವ ದೇವಿರಿ, ಕಾಕಾ?”

“ಅವರಿಗೆ ನೀರಿನ ದೇವಿ ಅಂತ. ನನಗ ಚಂದ್ರಾ.”

ಚಂದ್ರಭಾಗಾ ಕಾಕು, ಅವರ ಹೆಂಡತಿ, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಮನೆ. ಕಾಕುವಿನದು ಒಂದು ಚಿತ್ರವೂ ಇರಲಿಲ್ಲ.

“ಅಕೀ ಹೋದಮ್ಯಾಲ ಮಾರಿ ಮರೀಲಿಕ್ಕೆ ಹತ್ತಿತು. ಧ್ವನಿ ನೆನಪದ, ಬಳಿ ಸಪ್ಪಳಾ ನೆನಪದ. ಮಾರಿ ಮಾತ್ರ ನೀರಾಗಿನ ನೆರಳಿನಂಗ ಅಳ್ಳಾಡತದ. ಅಷ್ಟ್ರಾಗ ಪಾರ್ಸಿ ಅಂಗಡ್ಯಾಗ ಇದು ಸಿಕ್ತು. ಗದ್ದ ಹಿಂಗ ಇತ್ತು. ಕೂದಲೂ ಹಿಂಗ, ಎಷ್ಟು ಬಿಗದು ಕಟ್ಟಿದ್ರೂ ಒಂದೆಳಿ ಹೊರಗ. ಇದು ಹೋತಂದ್ರ ಅಕೀ ಮಾರಿನೂ ಹೋತು, ಸೂನಬಾಯಿ.”

ನಾನು ಆ ನಾಣ್ಯವನ್ನು ಬಹಳ ಹೊತ್ತು ನೋಡಿದೆ. ಅತ್ತೆಯ ಸೊಸೆಯಾಗಿ ಅಲ್ಲ, ಕಾಣದೆ ಹೋದ ಒಬ್ಬಳನ್ನು ಮಾತಾಡಿಸಲು ಬಂದವಳಂತೆ.

ನಮ್ಮ ಮನೆತನದಲ್ಲಿ ತೀರಿಕೊಂಡವರ ಹೆಸರಲ್ಲಿ ಅಕ್ಕಸಾಲಿ ಪತ್ತಾರನಿಂದ ಟಾಕ ಮಾಡಿಸಿ ದೇವರ ಜಗಲಿಯ ಮೇಲಿಡುತ್ತಾರೆ. ಅಂಗೈಯಲ್ಲಿ ಕೂಡುವ ಬೆಳ್ಳಿಯ ತಗಡು, ಅದರ ಮೇಲೆ ಅಚ್ಚೊತ್ತಿದ ಮುಖ. ಹಬ್ಬಕ್ಕೆ ತೊಳೆದು, ಕುಂಕುಮವಿಟ್ಟು, ಎಡೆ ತೋರಿಸುವುದು. ಕಾಕುವಿನ ಟಾಕವನ್ನು ಮಾತ್ರ ಕಾಕಾ ಮಾಡಿಸಗೊಟ್ಟಿರಲಿಲ್ಲ. “ಪತ್ತಾರನ ಹತ್ತರ ಹೆಂಗಸರಿಗೆಲ್ಲಾ ಒಂದ ಅಚ್ಚು. ಆ ಮಂದ್ಯಾಗ ಅಕೀನ್ನ ಹೆಂಗ ಹುಡುಕಲಿ?”

ಅತ್ತೆಗೆ ಇದು ದೊಡ್ಡ ಸಂಕಟ. ವರ್ಷಗಳು ಕಳೆದರೂ ನನ್ನ ಮಡಿಲು ತುಂಬಿರಲಿಲ್ಲ. “ಚಂದ್ರಾ ಇನ್ನೂ ಹೊರಗ ನಿಂತಾಳ. ಅಕೀಗೆ ಜಗಲಿ ಮ್ಯಾಲ ಜಾಗಾ ಸಿಗೂತನಕಾ ಈ ಮನ್ಯಾಗ ತೊಟ್ಟಿಲಾ ತೂಗೂದಿಲ್ಲ” ಎನ್ನುವರು. ಅದು ಸಿಟ್ಟಿನ ಮಾತಲ್ಲ. ಹೇಳುವಾಗ ಅವರ ಕಣ್ಣು ತುಂಬಿರುತ್ತಿತ್ತು.

ನಯಾಪೈಸೆ ಹೊಸದಾಗಿ ಬಂದ ವರ್ಷ, ಕಾಕಾ ನನ್ನನ್ನು ತವರಿಗೆ ಕರೆದೊಯ್ದರು. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಅಂಚು ಹಿಡಿದು ನೋಡಿ, “ಕೂಸಿನ ಉಗುರಿನಷ್ಟದ. ನೋಡೂದ್ರಾಗ ತೀರತದ” ಎಂದು ಜೇಬಿಗೆ ಹಾಕಿದರು. ಗುರುವಾರ ಅಕ್ಕಲಕೋಟೆಯ ಸ್ವಾಮಿಗಳು ಹಿಂದೆ ಕುಳಿತುಕೊಳ್ಳುತ್ತಿದ್ದ ಆಲದ ಮರಕ್ಕೆ ಸುತ್ತು ಬಂದು ಕುಳಿತಾಗ, ನೀವೇನು ಬೇಡಿಕೊಂಡಿರಿ ಎಂದು ಕೇಳಿದೆ.

“ಕಣ್ಣು. ಇದ್ದಷ್ಟು ದಿನಾ ಕಣ್ಣು ಇರಲಿ ಅಂದೆ. ನೀ?”

ನಾನು ತಲೆ ತಗ್ಗಿಸಿದೆ.

ನಾವು ಸೋಲಾಪುರಕ್ಕೆ ಮರಳಿದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಹಬ್ಬದ ಸೀರೆ ಉಟ್ಟಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ.

“ಬರ್ರಿ ಭಾವಜಿ, ಜಗಲಿ ಮ್ಯಾಲ ಯಾರು ಕುಂತಾರ ನೋಡ್ರಿ.”

ಟಾಕಗಳ ಸಾಲಿನ ತುದಿಯಲ್ಲಿ ಒಂದು ಹೊಸದು ಫಳಫಳ ಹೊಳೆಯುತ್ತಿತ್ತು.

“ಬ್ಯಾರೆ ಬೆಳ್ಳಿ ಹಾಕಿಲ್ರಿ. ನಿಮ್ಮ ಡಬ್ಬ್ಯಾಗಿಂದ ಅಕೀ ಮಾರಿ ಇದ್ದದ್ದನ್ನ ಆರಿಸಿ ಪತ್ತಾರಗ ಕೊಟ್ಟೆ. ಚಂದ್ರಾನಂಗ ಅದ ಅಂತ ನೀವ ಹೇಳತಿದ್ರೆಲಾ? ಅಕೀ ಬೆಳ್ಳಿ ಅಕೀಗೇ ಮುಟ್ಟಲಿ ಅಂದೆ.”

“ಕರಗಿಸಿದ್ನೇನ್ರಿ?” ಎಂದರು ಕಾಕಾ.

“ಕರಗಸ್ದ ಹೆಂಗ ಆಗತದ್ರಿ? ನಾನ ಮುಂದ ಕುಂತು ಕರಗಿಸೇನಿ. ಗುಂಜಿನೂ ಕದಿಯಾಕ ಬಿಟ್ಟಿಲ್ಲ.”

ಕಾಕಾರ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಅತ್ತೆ ಅವರ ಮುಖ ನೋಡುತ್ತಿದ್ದರು, ಉಣಬಡಿಸಿ ರುಚಿ ಕೇಳುವವರ ಹಾಗೆ. ಕಾಕಾ ಹೋಗಿ ಟಾಕವನ್ನು ಅಂಚು ಹಿಡಿದು ಎತ್ತಿದರು. ಅಂಗಳದ ಬಿಸಿಲಿಗೆ ತಂದು ಓರೆ ಮಾಡಿ ತಿರುಗಿಸಿದರು. ದುಂಡು ಮುಖ, ಎರಡು ಚುಕ್ಕೆಯ ಕಣ್ಣು, ಗೀಟೆಳೆದಂಥ ಬಾಯಿ. ಮನೆಯ ಉಳಿದ ಹೆಂಗಸರೆಲ್ಲ ಇದ್ದಂತೆಯೇ. ಬಹಳ ಹೊತ್ತು ನೋಡಿ, ತಿರುಗಿ ಜಗಲಿಗಿಟ್ಟು, ಭಂಡಾರ ಹಚ್ಚಿದರು.

“ಛಲೋ ಆತ್ರಿ ವೈನಿ. ಹೊರಗ ಇದ್ಲು, ಒಳಗ ಬಂದ್ಲು.”

ಆ ದಿನ ಅತ್ತೆ ಬಡಿಸಿದ ಹೋಳಿಗೆಯನ್ನು ಎಲೆಯಲ್ಲಿ ಉಳಿಸದೆ ಉಂಡರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಆದರೆ ಬೆಳಗಿನ ಕಿಟಕಿ ಬರಿದಾಯಿತು. ನಾಣ್ಯದ ಡಬ್ಬಿ ಮುಚ್ಚಿಯೇ ಇರುತ್ತಿತ್ತು.

ಒಂದು ಮುಂಜಾನೆ ಚಹಾ ಒಯ್ದಾಗ, ಹೊಸ್ತಿಲ ಮೇಲೆ ಮಖಮಲ್ಲು ಹಾಸಿತ್ತು. ಅದರ ಮೇಲೆ ಏನೂ ಇರಲಿಲ್ಲ.

“ಸೂನಬಾಯಿ, ಅದನ್ನ ನೀನೂ ನೋಡೀದಿ. ಹೆಂಗಿತ್ತು, ಹೇಳು.”

ನಾನು ಹೇಳಿದೆ. ಗದ್ದ ಹೇಗೆ ತುಸು ಮುಂದಿತ್ತು, ಓಲೆ ಹೇಗೆ ಇಳಿಬಿದ್ದಿತ್ತು, ಬಾಯಿ ಈಗಿನ್ನೇನು ಏನೋ ಅನ್ನುವಂತಿತ್ತು.

“ಯಾವ ಕಡೆ ನೋಡತಿದ್ಲು?”

“ಎಡಕ್ಕರಿ. ಕಿಟಕಿ ಕಡೆ.”

“ಹಾಂ” ಎಂದು ಕಣ್ಣು ಮುಚ್ಚಿದರು.

ಅಂದಿನಿಂದ ಅದೇ ನಮ್ಮ ವಾಡಿಕೆ. ಚಹಾ ಆರುವವರೆಗೆ ನಾನು ಹೇಳುವುದು, ಅವರು ಕೇಳುವುದು. ಕಾಕುವನ್ನು ನಾನು ಕಂಡವಳಲ್ಲ. ಆದರೂ ಆ ಮುಖ ಈ ಲೋಕದಲ್ಲಿ ಉಳಿದದ್ದು ನನ್ನ ಬಾಯಿಯಲ್ಲಿ ಎಂದು ತಿಳಿದಾಗ ಹೆದರಿಕೆಯಾಗುತ್ತಿತ್ತು. ಒಂದೂ ಹೆಚ್ಚು ಹೇಳದೆ, ಒಂದೂ ಬಿಡದೆ ಹೇಳಿಸು ಎಂದು ಸ್ವಾಮಿಗಳನ್ನು ನೆನೆಯುವೆ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಅತ್ತೆ ಅದು ಟಾಕದ ಪುಣ್ಯ ಎಂದರು, ನಾನು ಸ್ವಾಮಿಗಳ ದಯೆ ಎಂದೆ. ಕಾಕಾ ಯಾವುದನ್ನೂ ಅಲ್ಲಗಳೆಯಲಿಲ್ಲ. ಕೂಸಿಗೆ ಚಂದ್ರಾ ಎಂದು ಹೆಸರಿಟ್ಟೆವು. ಕೆಳಗಿನಿಂದ ಯಾರಾದರೂ ಆ ಹೆಸರು ಕೂಗಿದರೆ ಕಾಕಾ ಮೊದಮೊದಲು ಕಿಟಕಿಗೆ ಬಂದು ಬಗ್ಗಿ ನೋಡುತ್ತಿದ್ದರು.

ಅವರು ಹಾಸಿಗೆ ಹಿಡಿದಾಗ ಮೊದಲ ಸಲ ನಾನು ಆ ಹೊಸ್ತಿಲು ದಾಟಿದೆ. ಬಾಯಿಗೆ ಗಂಜಿ ಹಾಕಬೇಕಿತ್ತು. ಪದ್ಧತಿ ಅಂತ ಯಾರೂ ಅನ್ನಲಿಲ್ಲ. ಕಣ್ಣು ಚೆನ್ನಾಗಿಯೇ ಇದ್ದವು, ಬೇಡಿಕೊಂಡ ಹಾಗೆ.

“ಹೇಳು” ಎಂದರು.

ಹೇಳಿದೆ. ಕತ್ತಿನ ಮೇಲಿನ ಎಳೆಗೆ ಬಂದಾಗ ಅವರ ಬೆರಳು ಎದ್ದವು, ಅದನ್ನು ಹಿಂದೆ ಸರಿಸುವವರಂತೆ. “ಅದ… ಅದ ನೋಡು” ಎಂದರು. ಆ ವಾರವೇ ಹೋದರು.

ಉಳಿದ ನಾಣ್ಯಗಳನ್ನು ನನ್ನ ಗಂಡ ಮುಂಬೈಗೆ ಒಯ್ದು ಅದೇ ಪಾರ್ಸಿಗೆ ಕೊಟ್ಟು ಬಂದರು. ಜಗಲಿಯ ಮೇಲೆ ಕಾಕುವಿನ ಪಕ್ಕ ಕಾಕಾರ ಟಾಕ ಬಂತು. ಗಂಡಸರಿಗೆಲ್ಲ ಒಂದೇ ಅಚ್ಚು. ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತೊಳೆಯುವಾಗ ಅವೆರಡನ್ನು ನಾನು ಅಂಚು ಹಿಡಿದೇ ಎತ್ತುತ್ತೇನೆ.

ಈಗಲೂ ಕೆಲವು ಮುಂಜಾನೆ, ಚಹಾ ಕುದಿಯುವಷ್ಟು ಹೊತ್ತು, ಒಲೆಯ ಮುಂದೆ ನಿಂತು ಹೇಳಿಕೊಳ್ಳುತ್ತೇನೆ. ಗದ್ದ, ಓಲೆ, ಸುತ್ತಲಿನ ಮೀನು, ಕತ್ತಿನ ಮೇಲಿನ ಎಳೆ. ಒಂದೂ ಮರೆತಿಲ್ಲ, ಅದು ದೇವರ ದಯೆ. ಯಾವ ಕಡೆ ನೋಡುತ್ತಿದ್ದಳು ಎಂದು ಕೇಳುವವರಿಲ್ಲ.