ಪಂಡಿತರ ಪುಸ್ತಕಕ್ಕೆ ಅಝೀಝಾಕನ ನೂಲು

ಶುಕ್ರವಾರ, ಬೆಳಗಿನ ಐದೂವರೆ. ಸುಬುಹಿ ನಮಾಝ್ ಮುಗಿಸಿ ಬಂದ ಅಝೀಝಾಕ, ಬಹರೈನಿನ ಮನಾಮದ ಓಣಿಯೊಂದರ ತಮ್ಮ ಬೈಂಡಿಂಗ್ ಅಂಗಡಿಯಲ್ಲಿ ಮೈದಾ ಅಂಟು ಕಲಸುತ್ತಿದ್ದಾರೆ. ಆಗಸ್ಟ್ ತಿಂಗಳ ಕಡಲ ಗಾಳಿಗೆ ಅಂಟು ಬೇಗ ಒಣಗುವುದಿಲ್ಲ. ಹಳೆಯ ಏಸಿ ಗುರುಗುಟ್ಟುತ್ತಿದೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಪುಸ್ತಕವೊಂದಿದೆ. ಅವರು ಆ ಕಡೆ ನೋಡುತ್ತಲೇ ಇಲ್ಲ. ಏಳಕ್ಕೆ ಅದರ ಒಡೆಯ ಬರುತ್ತಾರೆ, ಬಂದಾಗ ಒಂದು ತಪ್ಪು ಒಪ್ಪಿಕೊಳ್ಳಬೇಕು.

"ಎರಡು ದಿನದಿಂದ ಅನ್ನ ಸೇರುದಿಲ್ಲ ಮಾರಾಯ್ರೆ," ಎಂದು ಪಕ್ಕದಲ್ಲಿ ಕುಳಿತ ನನಗೆ ಹೇಳುತ್ತಾರೆ.

ಎಲ್ಲರ ಬಾಯಲ್ಲಿ ಅಝೀಝಾಕ ಆಗಿರುವ ಐವತ್ತೆಂಟರ ಅಝೀಝ್ ಓದಿದ್ದು ನಾಲ್ಕನೇ ಕ್ಲಾಸು. ಮಂಗಳೂರಿನ ಬಂದರಿನಲ್ಲಿ ಅರಬಿ ಕಿತಾಬುಗಳಿಗೆ ರಟ್ಟು ಕಟ್ಟುತ್ತಾ ಕಲಿತ ಕೆಲಸ. ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷ. ದಿನಕ್ಕೆ ಮೂವತ್ತು ಪುಸ್ತಕ ಅವರ ಕೈ ದಾಟುತ್ತವೆ: ಸಲ್ಮಾನಿಯಾ ಆಸ್ಪತ್ರೆ ಕಡೆಯ ಡಾಕ್ಟರರ ದಪ್ಪ ಗ್ರಂಥಗಳು, ಮಕ್ಕಳ ಹರಿದ ಪಠ್ಯಗಳು, ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗಳು. ಯಾವುದರಲ್ಲೂ ಅವರ ಹೆಸರಿಲ್ಲ. ದಬ್ಬಣ ಒತ್ತಿ ಒತ್ತಿ ಬಲಗೈಯ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೆಂಡತಿ ಶಹರ್ಬಾನು ಬೇಕು.

ಮೇಜಿನ ಮೇಲಿನ ಈ ಪುಸ್ತಕ ಮಾಹೂಝ್ ಬಡಾವಣೆಯಲ್ಲಿರುವ ಜಪಾನಿ ಎಂಜಿನಿಯರ್ ಇಶಿದಾ ಅವರದು. ತಾಯಿಯ ಕಡೆಯಿಂದ ತಾವು ಸುಗವರ ಎಂಬ ಪುರಾತನ ಪಂಡಿತ ಮನೆತನದವರೆಂದು ಅವರ ಮನೆಯ ನಂಬಿಕೆ. ತಾಯಿಯ ತಂದೆ ಆ ಮನೆತನದ ಚರಿತ್ರೆಯನ್ನು ಕೈಯಾರೆ ನಕಲು ಮಾಡಿ, ಕೈಯಾರೆ ಹೊಲಿದಿದ್ದರು. "ಹೊದಿಕೆ ಮಾತ್ರ ಹೊಸದು ಹಾಕಿ, ಅಜ್ಜನ ಹೊಲಿಗೆ ಮುಟ್ಟಬೇಡಿ" ಎಂದು ಇಶಿದಾ ಕೊಟ್ಟಿದ್ದರು. ಬರುವ ಗುರುವಾರ ಅವರು ಬಹರೈನ್ ಬಿಡುತ್ತಾರೆ.

"ಅವರ ಆಫೀಸಿನವರೆಲ್ಲ ಎಡದಿಂದ ತೆರೆದ್ರಂತೆ. ನಾನು ಬಲದಿಂದ ತೆರೆದೆ, ಅರಬಿ ಕಿತಾಬಿನ ಹಾಗೆ. ಜಪಾನಿನದ್ದೂ ಹಾಗೆಯೇ ಅಂತೆ. ಅದಕ್ಕೇ ನಂಬಿ ಕೊಟ್ರು," ಎನ್ನುತ್ತಾರೆ ಅಝೀಝಾಕ.

ಇಶಿದಾ ಹೇಳಿದ ಕಥೆ ಅಝೀಝಾಕನಿಗೆ ಬಾಯಿಪಾಠ. ಆ ವಂಶದ ಹಿರಿಯರು ರಾಜರ ಸಮಾಧಿಗೆ ಮಣ್ಣಿನ ಗೊಂಬೆ ಮಾಡುತ್ತಿದ್ದವರಂತೆ. ಸಾವಿನ ಕೆಲಸದ ಹೆಸರು ಬೇಡವೆಂದು ಅರಸನಿಗೆ ಅರ್ಜಿ ಹಾಕಿ, ತಾವಿದ್ದ ಊರಿನ ಹೆಸರು ಪಡೆದು, ತಲೆಮಾರಿನಿಂದ ತಲೆಮಾರಿಗೆ ಅರಮನೆಯ ವಿದ್ವಾಂಸರಾದರು. ಅವರಲ್ಲೇ ದೊಡ್ಡ ಪಂಡಿತನೊಬ್ಬ ಚಾಡಿಮಾತಿಗೆ ಸಿಕ್ಕಿ ಗಡಿಪಾರಾದ. ಸತ್ತ ಮೇಲೆ ವಿದ್ಯೆಯ ದೇವರಾದ.

"ನಾನು ಓದದೆ ಊರು ಬಿಟ್ಟೆ. ಅವರು ಓದಿ ಊರು ಬಿಟ್ರು ನೋಡಿ," ಎಂದು ನಗುತ್ತಾರೆ. ನಗು ಬೇಗ ಆರುತ್ತದೆ.

ತಪ್ಪು ಇಷ್ಟೇ. ಜಪಾನಿನ ಹಳೆಯ ಪುಸ್ತಕಗಳಲ್ಲಿ ಹಾಳೆಯನ್ನು ಎರಡಾಗಿ ಮಡಚಿ, ಮಡಿಕೆಯನ್ನು ಹೊರ ಅಂಚಿಗೆ ಬಿಟ್ಟು ಹೊಲಿಯುತ್ತಾರೆ. ಬರಹ ಹೊರಗೆ, ಒಳಮೈ ಮುಚ್ಚಿಕೊಂಡೇ ಇರುತ್ತದೆ. ಅಝೀಝಾಕ ಅದನ್ನು ಕತ್ತರಿಸಲು ಮರೆತ ಅಂಚೆಂದು ತಿಳಿದು, ಉಪಕಾರವೆಂದೇ ನಾಲ್ಕು ಹಾಳೆ ಸೀಳಿದರು. ಐದನೆಯದಕ್ಕೆ ಚಾಕು ಇಡುವಾಗ, ಸೀಳಿದ ಹಾಳೆಯ ಒಳಗೆ ಕೆಂಪು ಗೆರೆಗಳು ಕಂಡು ಕೈ ನಿಂತಿತು.

ಇಶಿದಾ ಏಳಕ್ಕೆ ಸರಿಯಾಗಿ ಬರುತ್ತಾರೆ. ಅಝೀಝಾಕ ಪುಸ್ತಕ ತೆರೆದು, ಚಾಕುವನ್ನೂ ಪಕ್ಕದಲ್ಲಿಟ್ಟು, "ಐ ಕಟ್. ಮೈ ಮಿಸ್ಟೇಕ್" ಎನ್ನುತ್ತಾರೆ. ಇಶಿದಾರ ಮುಖ ಬಿಳಿಚುತ್ತದೆ. ನನಗೆ ಹೊರಗೆ ಹೋಗಿಬಿಡೋಣ ಅನ್ನಿಸುತ್ತದೆ. ಅಷ್ಟರಲ್ಲಿ ಅವರು ಒಳಮೈ ನೋಡಿ ಸ್ಟೂಲಿನ ಮೇಲೆ ಕುಳಿತುಬಿಡುತ್ತಾರೆ.

ಅಲ್ಲಿ ಒಂದೇ ಅಕ್ಷರವನ್ನು ಯಾರೋ ಹನ್ನೆರಡು ಸಲ ಬರೆದಿದ್ದಾರೆ. ಪ್ರತಿಯೊಂದಕ್ಕೂ ಕೆಂಪು ಶಾಯಿಯ ತಿದ್ದುಪಡಿ. ಮೂಲೆಯಲ್ಲಿ ಒಂದು ಹೆಸರು, ಹೋದ ವರ್ಷ ತೀರಿಕೊಂಡ ಅವರ ತಾಯಿಯದು. ಮಗಳು ಕಾಪಿ ಬರೆದ ಕಾಗದವನ್ನೇ ಮಗುಚಿ ಮಡಚಿ ಅಜ್ಜ ವಂಶದ ಚರಿತ್ರೆ ಬರೆದಿದ್ದರು.

ಇಶಿದಾ ಕಣ್ಣೊರೆಸಿಕೊಂಡು, ಉಳಿದದ್ದನ್ನೂ ಕತ್ತರಿಸಿ ಎನ್ನುತ್ತಾರೆ. ಅಝೀಝಾಕ ತಲೆ ಅಲ್ಲಾಡಿಸುತ್ತಾರೆ: ಚಾಕು ಬೇಡ, ನೂಲು ಬಿಚ್ಚಿದರೆ ಹಾಳೆ ತಾನಾಗಿ ತೆರೆಯುತ್ತದೆ, ನೀವು ನೋಡಿದ ಮೇಲೆ ಪುನಃ ಹೊಲಿದು ಕೊಡುತ್ತೇನೆ. ಅಜ್ಜನ ಹೊಲಿಗೆಯ ಮೇಲೆ ಕೈಯಿಟ್ಟಿದ್ದ ಇಶಿದಾ, ಕೊನೆಗೆ ಕೈ ತೆಗೆದು ಪುಸ್ತಕವನ್ನು ಅಝೀಝಾಕನತ್ತ ಸರಿಸುತ್ತಾರೆ.

ಅವರು ಹೋದ ಮೇಲೆ ಅಝೀಝಾಕ ಕನ್ನಡಕ ಏರಿಸಿ ಮೊದಲ ಗಂಟು ಸಡಿಲಿಸುತ್ತಾರೆ. ಆರು ದಿನದಲ್ಲಿ ಆಗುತ್ತದೆಯೇ ಎಂದು ಕೇಳುತ್ತೇನೆ.

"ಆಗ್ತದೆ. ಅದೇ ನೂಲು, ಅದೇ ತೂತು. ಹೊಸತು ಒಂದೂ ಹಾಕುದಿಲ್ಲ. ಆ ನಾಲ್ಕು ಹಾಳೆಯಲ್ಲಿ ನಾನು ಸಿಕ್ಕಿಬೀಳ್ತೇನೆ, ಬೀಳ್ಲಿ. ಉಳಿದದ್ದರಲ್ಲಿ ಅಝೀಝ್ ಅಂತ ಒಬ್ಬ ಕೈ ಹಾಕಿದ್ದ ಅಂತ ಯಾರಿಗೂ ಗೊತ್ತಾಗಬಾರ್ದು. ಅಷ್ಟೇ ನನ್ನ ಆಸೆ."