ಒರೆಯೊಳಗಿನ ಹೆಸರು

ನಿಮ್ಮ ಹಿತ್ತಲಲ್ಲಿ ಬಿಂಬುಳಿ ಮರ ಉಂಟೇ? ಇದ್ದರೆ ಅದನ್ನು ಬರೀ ಉಪ್ಪಿನಕಾಯಿಯ ಮರವೆಂದು ಕಡೆಗಣಿಸಬೇಡಿ. ಕಾಂಡಕ್ಕೇ ಗೊಂಚಲುಗೊಂಚಲಾಗಿ ಅಂಟಿಕೊಂಡು ಬೆಳೆಯುವ ಆ ಹಸುರು ಕಾಯಿಗಳ ಹುಳಿ ಎಂಥದ್ದೆಂದು ನಿಮ್ಮ ನಾಲಗೆಗೆ ಗೊತ್ತಿರಬಹುದು. ಕಬ್ಬಿಣದ ಮೇಲೆ ಅದು ತೋರಿಸುವ ಪ್ರತಾಪವನ್ನು ನಾನು ಕಣ್ಣಾರೆ ಕಂಡವಳು. ನೆನೆದರೆ ಈಗಲೂ ಬೆರಳ ತುದಿ ಜುಮ್ಮೆನ್ನುತ್ತದೆ!

ಬೆಳ್ಳೂರಿನ ಮನೆಗೆ ನಾನು ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಮಹಾಯುದ್ಧದ ಕಾಲ, ಸೀಮೆಎಣ್ಣೆಗೂ ರೇಷನ್. ಚಾವಡಿಯ ಗೋಡೆಯಲ್ಲಿ ತೊಗಲಿನ ಒರೆಯೊಳಗೆ ಒಂದು ಕತ್ತಿ ತೂಗುತ್ತಿತ್ತು. ಮನೆಯ ಹಿರಿಯರೊಬ್ಬರ ಶೌರ್ಯಕ್ಕೆ ಮೆಚ್ಚಿ ಅರಸನೇ ಅದನ್ನು ಕೊಟ್ಟನೆಂದೂ ಅಲಗಿನ ಮೇಲೆ ಅರಸನ ಹೆಸರು ಉಂಟೆಂದೂ ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ. ಎರಡು ತಲೆಮಾರಿನಿಂದ ಕತ್ತಿ ತುಕ್ಕು ಹಿಡಿದು ಒರೆಗೆ ಕಚ್ಚಿಕೊಂಡಿತ್ತು. ನವರಾತ್ರಿಗೆ ಒರೆಗೇ ಗಂಧ, ಒರೆಗೇ ಹೂವು.

ಆ ವರ್ಷ ಪೆರ್ಲದಿಂದ ಬಂದ ಮಾವನ ಭಾವ ನಗುತ್ತ, "ಒಳಗೆ ಕತ್ತಿ ಉಂಟೋ, ಇಲ್ಲ ಬರೀ ಹಿಡಿ ಮಾತ್ರವೋ?" ಎಂದುಬಿಟ್ಟರು. ಮಾವನಿಗೆ ಮೈಯೆಲ್ಲ ಉರಿಯಿತು. "ಆಯುಧಪೂಜೆಗೆ ಬನ್ನಿ. ಎಲ್ಲರೆದುರು ಓದಿಸುತ್ತೇನೆ" ಎಂದರು. ಓದಬೇಕಾದವಳು ಎಂಟನೆಯ ತರಗತಿಯವರೆಗೆ ಕಲಿತಿದ್ದ ನಾನು.

ಕಮ್ಮಾರ ಮೋನಪ್ಪ ಆಚಾರಿ ಬಂದರು. ಕತ್ತಿಯನ್ನು ಎಳೆಯಹೊರಟ ಮಾವನನ್ನು ತಡೆದರು. "ಎಳೆಯಬೇಡಿ ಧಣಿ, ತುಂಡಾದೀತು." ಒರೆಯ ಬಾಯಿಗೆ ಬೆಚ್ಚಗಿನ ತೆಂಗಿನೆಣ್ಣೆ ತೊಟ್ಟಿಕ್ಕಿಸಿ ಮೂರು ದಿನ ಬಿಸಿಲಿಗಿಟ್ಟರು. ನಾಲ್ಕನೆಯ ಬೆಳಿಗ್ಗೆ ಮಾವ ಒರೆ ಹಿಡಿದು, ಆಚಾರಿ ಹಿಡಿ ಹಿಡಿದು, ನಾನು ಉಸಿರು ಹಿಡಿದು ನಿಂತಿರಲು, ಕರ್ರನೆ ಸದ್ದು ಮಾಡಿ ಕತ್ತಿ ಹೊರಬಂತು. ಅಂಗಳವೆಲ್ಲ ಕೆಂಪು ಹುಡಿ! ಮಾವನ ಮುಖ ಬಾಡಿತು. ಆಚಾರಿ ಅಲಗನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟರು. "ತುಕ್ಕು ಮೇಲೆ ಮಾತ್ರ. ಒಳಗೆ ಜೀವ ಉಂಟು."

ನಾನು ಬಿಂಬುಳಿ ಜಜ್ಜಿ ಕೊಟ್ಟಂತೆ ಅವರು ಅಲಗಿಗೆ ಮೆತ್ತಿ, ತುಸು ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ತೊಳೆದು, ಕೂಡಲೇ ಒಣಗಿಸಿ, ಮತ್ತೆ ಮೆತ್ತಿದರು. ಮರೆತು ಬಿಟ್ಟರೆ ಹುಳಿಯೂ ಕಬ್ಬಿಣವನ್ನು ತಿನ್ನುತ್ತದಂತೆ. ಆಮೇಲೆ ಬೂದಿ, ಹಂಚಿನ ನುಣ್ಣನೆಯ ಹುಡಿ. ನಮ್ಮ 'ಒರೆ' ಎಂಥ ಮಾತು ನೋಡಿ! ಕತ್ತಿಯ ಮನೆಯೂ ಒರೆ, ಚಿನ್ನವನ್ನು ತಿಕ್ಕಿ ನೋಡುವುದೂ ಒರೆ, ಹಳಗನ್ನಡದಲ್ಲಾದರೆ ಹೇಳುವುದೂ ಒರೆ. ಮುಚ್ಚಿಡುವುದಕ್ಕೂ ಬಿಚ್ಚಿ ನುಡಿಯುವುದಕ್ಕೂ ಒಂದೇ ಶಬ್ದವನ್ನು ಇಟ್ಟ ಹಿರಿಯರು ಯಾವ ತುಕ್ಕನ್ನು ತಿಕ್ಕುತ್ತ ಕೂತಿದ್ದರೋ!

ಹಿಡಿಯ ಬುಡದಲ್ಲಿ ಹಳದಿ ಗೆರೆಯೊಂದು ಮಿಂಚಿತು.

"ಚಿನ್ನ!" ಮಾವ ಕೂಗಿದರು.

"ಹಿತ್ತಾಳೆ," ಎಂದರು ಆಚಾರಿ. "ತಂತಿ ಬಡಿದು ಕೂರಿಸಿದ್ದು. ಅಕ್ಷರವೋ ಎಂತದೋ, ಅಕ್ಕನೇ ಹೇಳಬೇಕು. ನನಗೆ ಓದಲಿಕ್ಕೆ ಬರುವುದಿಲ್ಲ."

ಸೆರಗು ಸಿಕ್ಕಿಸಿ ಬಾಗಿದೆ. 'ಬೆ' ಕಂಡಿತು. ತಿಕ್ಕಿದಂತೆ 'ಳ್ಳೂ'. ನನ್ನೆದೆಯಲ್ಲಿ ಚೆಂಡೆ, ಬೆನ್ನ ಹಿಂದೆ ಮಾವನ "ಮುಂದೆ? ಮುಂದೆ?" ಕೊನೆಗೆ ಪೂರ್ತಿ ಓದಿದೆ: "ಬೆಳ್ಳೂರ ದೂಮಣ್ಣಾಚಾರಿಯ ಕೈಕೆಲಸ."

ಆಚಾರಿಯ ಕೈ ನಿಂತಿತು. "ಅದು ನನ್ನ ಅಜ್ಜನ ಅಜ್ಜ, ಅಕ್ಕ. ಇನ್ನೊಮ್ಮೆ ಓದುತ್ತೀರಾ?"

ಓದಿದೆ. ಮಾವ ಅಲಗನ್ನು ಮಗುಚಿ ನೋಡಿದರು. ಆ ಬದಿ ಬರೀ ಉಕ್ಕು. ಸಂಜೆ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಹಳೆಯ ಅಕ್ಷರ, ಬೇರೆ ಯಾರಿಗೆ ತಿಳೀತದೆ? ನೀನು ಅರಸನ ಹೆಸರೇ ಓದು, ಮಗಳೇ."

ಪೂಜೆಯ ದಿನ ಚಾವಡಿ ತುಂಬ ನೆಂಟರು. ಜೇನುಮೇಣ, ಎಣ್ಣೆ ಸವರಿದ ಕತ್ತಿ ಬಾಳೆಲೆಯ ಮೇಲೆ ಥಳಥಳಿಸುತ್ತಿತ್ತು. ಆಚಾರಿ ಅಂಗಳದಲ್ಲೇ ನಿಂತಿದ್ದರು. ಮಾವನ ಕಣ್ಣು ನನ್ನ ಮೇಲೆ. ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ.

ಪೆರ್ಲದವರು ಗೊಳ್ಳೆಂದು ನಕ್ಕರು. "ಅರಸ ಎಲ್ಲಿ ಹೋದ, ಭಾವ?"

ನಾನು ನೆಲ ನೋಡಿದೆ. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಕೊಡಲಿಕ್ಕೆ ಯಾವ ಅರಸನಿಗೂ ಬರ್ತದೆ. ಮಾಡಲಿಕ್ಕೆ ಬರ್ತದಾ?" ಎಂದು ಅಂಗಳದ ಕಡೆ ತಿರುಗಿದರು. "ಆಚಾರಿಗಳೇ, ಮೇಲೆ ಬನ್ನಿ. ಹೆಸರು ನಿಮ್ಮದು."

ಬಹುವಚನದಲ್ಲಿ ಮಾವ ಅವರನ್ನು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಆಚಾರಿ ಕಾಲು ತೊಳೆದು ಬಂದರು. "ಎಲ್ಲಿಂದ ಶುರು, ಅಕ್ಕ?" ತೋರಿಸಿದೆ. 'ದೂ' ಎಂದೆ, ಬೆರಳಿಟ್ಟರು. 'ಮ' ಎಂದೆ, ಸರಿಸಿದರು. ಹೀಗೆ ಕೊನೆಯವರೆಗೆ. ಆಮೇಲೆ ಹೆಗಲ ಎಣ್ಣೆಬಟ್ಟೆಯಿಂದ ಆ ಅಕ್ಷರಗಳ ಮೇಲಿನ ತನ್ನ ಬೆರಳಗುರುತನ್ನು ಮೆಲ್ಲನೆ ಒರಸತೊಡಗಿದರು.

"ಕೈಬೆವರು ತಾಗಿದರೆ ತುಕ್ಕು ಹಿಡೀತದೆ, ಅಕ್ಕ" ಎಂದರು.