ತಟ್ಟೆಯ ಸುತ್ತ ನೀರು

ತೊಂಬತ್ತರ ದಶಕದ ಕೊನೆಯಲ್ಲಿ, ಹಲಸೂರಿನಲ್ಲಿ ಒಂದು ವಾರ ಪ್ರವಚನ ಕೇಳಿ ಬಂದ ಅಪ್ಪನಿಗೆ ಅನ್ನವೇ ದೇವರೆಂಬುದು ತಿಳಿಯಿತು. ಅಲ್ಲಿಯವರೆಗೆ ಅದು ಬರೀ ಅಮ್ಮನ ಅಡುಗೆಯಾಗಿತ್ತು, ಬೈಯಲು ಅಡ್ಡಿಯಿರಲಿಲ್ಲ. ದೇವರಾದ ಮೇಲೂ ಬೈಗುಳ ನಿಲ್ಲಲಿಲ್ಲ. ಅದಕ್ಕೆ ಮುಂಚೆ ಕಾಲು ಗಂಟೆ ಪ್ರಾರ್ಥನೆ ಸೇರಿಕೊಂಡಿತು, ಅಷ್ಟೆ.

ಅಪ್ಪ ಆಗ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಮಧ್ಯಾಹ್ನ ಕ್ವಾರ್ಟರ್ಸಿನ ನಡುಮನೆಯಲ್ಲಿ ಅವರು, ನಾನು, ತಂಗಿ ಸಾಲಾಗಿ ನೆಲದ ಮೇಲೆ ಕೂರುತ್ತಿದ್ದೆವು. ಅಮ್ಮ ಎಲ್ಲ ಬಡಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಪ್ಪ ಅಂಗೈಯಲ್ಲಿ ನೀರು ಹಿಡಿದು ತಟ್ಟೆಯ ಸುತ್ತ ಸುತ್ತಿ, ನಾಲ್ಕು ಅಗುಳು ಪಕ್ಕಕ್ಕಿಟ್ಟು, ಕಣ್ಣು ಮುಚ್ಚುತ್ತಿದ್ದರು. ವಾರಕ್ಕೊಂದು ಶ್ಲೋಕ ಹೆಚ್ಚುತ್ತಿತ್ತು. ತಲೆಯ ಮೇಲೆ ವಿಮಾನ ಹಾರಿತೋ, ದೇವರಿಗೆ ಕೇಳಿಸಿರಲಿಕ್ಕಿಲ್ಲವೆಂದು ಆ ಶ್ಲೋಕವನ್ನು ಮೊದಲಿನಿಂದ ಹೇಳುತ್ತಿದ್ದರು. ನಮ್ಮ ಏರಿಯಾದಲ್ಲಿ ವಿಮಾನಗಳಿಗೇನೂ ಬರವಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದ ನಾನು ಪೈಲಟ್‌ಗಳಿಗೆಲ್ಲ ಶಾಪ ಹಾಕುತ್ತಿದ್ದೆ.

ಕೊನೆಗೆ ಕಣ್ಣು ತೆರೆದು, ಮೊದಲ ತುತ್ತು ಬಾಯಿಗಿಟ್ಟು ಅಪ್ಪ ಹೇಳುತ್ತಿದ್ದ ಮಾತು ಒಂದೇ: "ಸಾರು ಆರ್ಹೋಗಿದೆಯಲ್ಲೇ, ಬಿಸಿ ಮಾಡ್ಕೊಂಡ್ಬಾ."

ಅಮ್ಮ ಬಿಸಿ ಮಾಡಿ ತರುತ್ತಿದ್ದಳು. ಆಮೇಲೆ ಹಪ್ಪಳ, ಆಮೇಲೆ ಮಜ್ಜಿಗೆ. ತಾವೇ ಹೋಗಿ ತರಲು ಅಪ್ಪನಿಗೆ ಶಾಸ್ತ್ರ ಅಡ್ಡ: ನೀರು ಸುತ್ತಿದ ಮೇಲೆ ಊಟ ಮುಗಿಯುವ ತನಕ ಏಳುವಂತಿಲ್ಲ. ಇಷ್ಟು ಅನುಕೂಲದ ಶಾಸ್ತ್ರವನ್ನು ನಾನು ಇನ್ನೊಂದು ಕಂಡಿಲ್ಲ. ನಾವೆಲ್ಲ ಕೈತೊಳೆದು ಹೋದ ಮೇಲೆ ಅಮ್ಮ ಒಲೆಯ ಹತ್ತಿರ ಒಬ್ಬಳೇ ಏನೋ ಉಣ್ಣುತ್ತಿದ್ದಳು. ಒಂದೆರಡು ಸಲ, "ನಾನೂ ನಿಮ್ಜೊತೆ ಕೂತ್ಕೋತೀನಿ ರೀ" ಎಂದು ಕೇಳಿದ್ದಳು.

"ಬಡಿಸೋರ್ಯಾರು ಮತ್ತೆ?" ಎಂದಿದ್ದರು ಅಪ್ಪ.

ಒಂದು ಭಾನುವಾರ ಅಪ್ಪ ಕಣ್ಣು ಮುಚ್ಚಿದ್ದೇ ತಡ, ಅಮ್ಮ ಇನ್ನೊಂದು ತಟ್ಟೆಗೆ ಬಡಿಸಿಕೊಂಡು ಬಂದು ನನ್ನ ಪಕ್ಕ ಕುಳಿತಳು. ಅಂಗೈಯಲ್ಲಿ ನೀರು ಹಿಡಿದು ತಟ್ಟೆಯ ಸುತ್ತ ಸುತ್ತಿದಳು. ಎರಡು ವಿಮಾನ ಹೋದವು. ಅಪ್ಪ ಕಣ್ಣು ತೆರೆದು ತುತ್ತು ನುಂಗಿದರು.

"ಸಾರು ಆರ್ಹೋಗಿದೆ."

"ನಂದೂ ಆರಿದೆ ರೀ. ನೀರು ಸುತ್ಬಿಟ್ಟಿದೀನಿ, ಏಳೋ ಹಾಗಿಲ್ಲ."

"ಹೆಂಗಸ್ರು ಮಾಡೋದಲ್ಲ ಕಣೇ ಅದು!"

"ಮಾಡಾಯ್ತಲ್ಲ. ಈಗ ಎದ್ರೆ ದೇವ್ರಿಗೆ ಏನಂತ ಹೇಳ್ಲಿ?"

ಅಪ್ಪ ನನ್ನತ್ತ ತಿರುಗಿದರು. ನಾನು ಗಡಿಬಿಡಿಯಲ್ಲಿ ಲೋಟಕ್ಕೆ ಕೈಹಾಕಿ ನನ್ನ ತಟ್ಟೆಗೂ ನೀರು ಸುತ್ತಿದೆ. ತಂಗಿಯೂ ಸುತ್ತಿದಳು, ಅರ್ಧ ನೀರು ನನ್ನ ತೊಡೆಯ ಮೇಲೆ ಬಿತ್ತು. ಮನೆಯಲ್ಲಿ ಅಷ್ಟು ಭಕ್ತಿ ಅದಕ್ಕೆ ಮುಂಚೆ ಎಂದೂ ಇರಲಿಲ್ಲ.

ಹಪ್ಪಳ ಅಡುಗೆಮನೆಯಲ್ಲೇ ಉಳಿಯಿತು. ಅಪ್ಪ ಮುಖ ಗಂಟಿಕ್ಕಿಕೊಂಡು ಆರಿದ ಸಾರನ್ನೇ ಕಲಸಿಕೊಂಡರು. ಅಮ್ಮ ಅವಸರ ಮಾಡಲಿಲ್ಲ. ಅನ್ನವನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ, ಮಕ್ಕಳ ಹಾಗೆ ಬೆರಳು ಚೀಪುತ್ತ ಉಂಡಳು. ನನಗಾಗ ಹದಿಮೂರು ವರ್ಷ. ನೋಡುತ್ತ ನೋಡುತ್ತ ನನಗೆ ನಾಚಿಕೆಯಾಯಿತು. ಅಮ್ಮ ಉಣ್ಣುವುದನ್ನು ನಾನು ಅಂದೇ ಮೊದಲು ನೋಡಿದ್ದು.